ಹಿಂಸೆಗೆ ಒಳಗಾದವರನ್ನು ಉಪಚರಿಸುವ ಫೊರೆನ್ಸಿಕ್ ನರ್ಸ್‌ಗಳ ನಿರಂತರ ಕಲಿಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ಲೈಂಗಿಕ ದೌರ್ಜನ್ಯ, ಸಂಗಾತಿಯ ಹೊಡೆತ, ಮಕ್ಕಳ ಮತ್ತು ವೃದ್ಧರ ಮೇಲಿನ ಹಿಂಸೆ ಇವುಗಳಿಂದ ನೊಂದು ಆಸ್ಪತ್ರೆಗೆ ಬಂದವರನ್ನು ನೋಡಿಕೊಳ್ಳುವ ನರ್ಸ್‌ಗಳು ಮೊದಲ ತರಬೇತಿ ಮುಗಿದ ಮೇಲೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ಕೆಲವು ಉತ್ತರಗಳು ಉಳಿದವುಗಳಿಗಿಂತ ಉದ್ದವಾಗಿವೆ. ತಪ್ಪುಗಳು ಹೆಚ್ಚು ನಡೆಯುವುದು ಆ ವಿಷಯಗಳಲ್ಲೇ ಎಂಬುದು ಅದಕ್ಕೆ ಕಾರಣ. ತಪಾಸಣೆಯನ್ನು ಯಾರು ಮಾಡಬಹುದು, ಪೊಲೀಸರಿಗೆ ಯಾವಾಗ ತಿಳಿಸಲೇಬೇಕು ಎಂಬಂಥ ವಿಚಾರಗಳು ದೇಶದಿಂದ ದೇಶಕ್ಕೆ ಬೇರೆಯಾಗುವುದರಿಂದ, ಅವುಗಳನ್ನು ನೀವು ಕೆಲಸ ಮಾಡುವ ಕಡೆಯ ನಿಯಮಗಳೊಂದಿಗೆ ತಾಳೆ ನೋಡಿಕೊಳ್ಳಬೇಕು.

ತುರ್ತು ಚಿಕಿತ್ಸಾ ವಿಭಾಗದ ನರ್ಸ್‌ಗೂ ಫೊರೆನ್ಸಿಕ್ ನರ್ಸ್‌ಗೂ ಕೆಲಸದಲ್ಲಿ ಏನು ವ್ಯತ್ಯಾಸ?

ಗಾಯವನ್ನು ತೊಳೆದು ಕಟ್ಟುವುದು ಇಬ್ಬರ ಕೆಲಸವೂ ಹೌದು. ಆದರೆ ತೊಳೆಯುವ ಮೊದಲು ಆ ಗಾಯ ಎಲ್ಲಿತ್ತು, ಎಷ್ಟು ಉದ್ದವಿತ್ತು, ಅದಕ್ಕೆ ಏನು ಅಂಟಿಕೊಂಡಿತ್ತು ಎಂಬುದನ್ನು ನ್ಯಾಯಾಲಯದಲ್ಲಿ ನಿಲ್ಲುವಂತೆ ದಾಖಲಿಸುವುದು ಫೊರೆನ್ಸಿಕ್ ನರ್ಸ್‌ಗೆ ಇರುವ ಹೆಚ್ಚಿನ ಹೊಣೆ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರನ್ನು ತರಬೇತಿ ಪಡೆದ ನರ್ಸ್‌ಗಳೇ ತಪಾಸಣೆ ಮಾಡುವ ಮೊದಲ ವ್ಯವಸ್ಥೆಗಳು ಅಮೆರಿಕದ ಮೆಂಫಿಸ್‌ನಲ್ಲಿ 1976ರಲ್ಲಿ, ಮರುವರ್ಷ ಮಿನಿಯಾಪೊಲಿಸ್‌ನಲ್ಲಿ ಆರಂಭವಾದವು. ನರ್ಸ್‌ಗಳ ಈ ಕೆಲಸಕ್ಕೆ ತಾತ್ತ್ವಿಕ ಚೌಕಟ್ಟನ್ನು ಕಟ್ಟಿದವರಲ್ಲಿ ಅಮೆರಿಕದ ನರ್ಸ್ ವರ್ಜೀನಿಯಾ ಲಿಂಚ್ ಅವರ ಹೆಸರು ಮೊದಲು ಬರುತ್ತದೆ. ಅಂತರರಾಷ್ಟ್ರೀಯ ಫೊರೆನ್ಸಿಕ್ ನರ್ಸ್‌ಗಳ ಸಂಘ 1992ರಲ್ಲಿ ಸ್ಥಾಪನೆಯಾಯಿತು; 1995ರಲ್ಲಿ ಅಮೆರಿಕದ ನರ್ಸ್‌ಗಳ ಸಂಘ ಇದನ್ನು ಪ್ರತ್ಯೇಕ ವಿಶೇಷ ವಿಭಾಗವೆಂದು ಮಾನ್ಯ ಮಾಡಿತು.

ಒಂದು ಮಾತನ್ನು ಇಲ್ಲೇ ಹೇಳಬೇಕು. ಫೊರೆನ್ಸಿಕ್ ನರ್ಸ್ ತನಿಖಾಧಿಕಾರಿಯಲ್ಲ, ಪೊಲೀಸರ ಸಹಾಯಕಿಯೂ ಅಲ್ಲ. ಎದುರಿಗೆ ಕುಳಿತವರು ಮೊದಲು ರೋಗಿ, ಆಮೇಲೆ ಸಾಕ್ಷಿ. ಈ ಕ್ರಮವನ್ನು ಮರೆತ ತರಬೇತಿ ಎಷ್ಟೇ ಹೆಸರುವಾಸಿಯಾಗಿದ್ದರೂ ನಾವು ಅದನ್ನು ಸೂಚಿಸುವುದಿಲ್ಲ.

ಒಮ್ಮೆ ತರಬೇತಿ ಪಡೆದಿದ್ದೇನೆ, ಹತ್ತು ವರ್ಷಗಳ ಅನುಭವವೂ ಇದೆ. ಮತ್ತೆ ಕಲಿಯುವುದು ಏಕೆ?

ಹತ್ತು ವರ್ಷಗಳ ಹಿಂದೆ ಕಲಿತದ್ದರಲ್ಲಿ ಕೆಲವು ಸಂಗತಿಗಳು ಇಂದು ತಪ್ಪಾಗಿವೆ ಎಂಬುದೇ ಉತ್ತರ. ರೋಗಿಯ ದೇಹದಿಂದ ಪುರಾವೆಯ ಮಾದರಿ ಸಂಗ್ರಹಕ್ಕೆ ಘಟನೆಯ ನಂತರದ 72 ಗಂಟೆಗಳೇ ಕೊನೆಯ ಗಡುವು ಎಂದು ಹಿಂದೆ ಹೇಳಿಕೊಡುತ್ತಿದ್ದರು. ಡಿಎನ್ಎ ಪರೀಕ್ಷೆಯ ಸೂಕ್ಷ್ಮತೆ ಹೆಚ್ಚಿದ ಮೇಲೆ ಅನೇಕ ಕಡೆ ಅದನ್ನು 120 ಗಂಟೆಗಳಿಗೆ ವಿಸ್ತರಿಸಿದ್ದಾರೆ. ಬಾಸುಂಡೆಯ ಬಣ್ಣ ನೋಡಿ ಅದು ಎಷ್ಟು ದಿನದ್ದೆಂದು ಹೇಳುವ ಪಟ್ಟಿಗಳನ್ನು ನಾವೂ ಬಾಯಿಪಾಠ ಮಾಡಿದ್ದೆವು. ಬಣ್ಣದಿಂದ ಗಾಯದ ವಯಸ್ಸನ್ನು ಖಚಿತವಾಗಿ ಹೇಳಲಾಗದು ಎಂಬುದು ಈಗ ಒಪ್ಪಿತ ಮಾತು. ನೇರಳಾತೀತ ಬೆಳಕಿನ ವುಡ್ಸ್ ದೀಪದಡಿ ಹೊಳೆದದ್ದೆಲ್ಲ ವೀರ್ಯವೆಂಬ ನಂಬಿಕೆಯೂ ಹಾಗೆಯೇ ಹೋಯಿತು, ಏಕೆಂದರೆ ಮುಲಾಮುಗಳೂ ಅದೇ ರೀತಿ ಹೊಳೆಯುತ್ತವೆ. ‘ಕನ್ಯತ್ವ ಪರೀಕ್ಷೆ’ಗೆ ಯಾವ ವೈಜ್ಞಾನಿಕ ಆಧಾರವೂ ಇಲ್ಲವೆಂದು, ಅದನ್ನು ಎಲ್ಲೆಡೆ ನಿಲ್ಲಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಅಂಗಸಂಸ್ಥೆಗಳು 2018ರಲ್ಲಿ ಒಟ್ಟಾಗಿ ಕರೆಕೊಟ್ಟವು.

ಅನುಭವ ಕೈಯನ್ನು ಚುರುಕುಗೊಳಿಸುತ್ತದೆ, ನಿಜ. ತಪ್ಪು ವಿಧಾನವನ್ನೂ ಅದು ಅಷ್ಟೇ ಚುರುಕುಗೊಳಿಸುತ್ತದೆ.

ಮೂಲ ತರಬೇತಿ ಎಷ್ಟು ಗಂಟೆಗಳದ್ದು? ಪ್ರಮಾಣೀಕರಣವೆಂದರೆ ಬೇರೆಯೇ?

ಅಂತರರಾಷ್ಟ್ರೀಯ ಸಂಘದ ಮಾರ್ಗಸೂಚಿಯಂತೆ ವಯಸ್ಕರು ಮತ್ತು ಹದಿಹರೆಯದವರ ತಪಾಸಣೆಗೆ ಕನಿಷ್ಠ 40 ಗಂಟೆಗಳ ಪಾಠ ಬೇಕು. ಮಕ್ಕಳ ತಪಾಸಣೆಯನ್ನೂ ಸೇರಿಸಿದ ಸಂಯುಕ್ತ ತರಬೇತಿ 64 ಗಂಟೆಗಳದ್ದು. ಇದರ ಬೆನ್ನಿಗೆ ಅನುಭವಿಗಳ ಕಣ್ಗಾವಲಿನಲ್ಲಿ ಮಾಡುವ ಪ್ರಾಯೋಗಿಕ ಕಲಿಕೆ ಇರಲೇಬೇಕು. ಪಾಠ ಮುಗಿಸಿದಾಗ ಕೈಗೆ ಬರುವುದು ಹಾಜರಾತಿಯ ಪ್ರಮಾಣಪತ್ರ ಮಾತ್ರ. ಪ್ರಮಾಣೀಕರಣ ಎಂಬುದು ನಿಗದಿತ ಅನುಭವ ಗಳಿಸಿದ ಮೇಲೆ ಪರೀಕ್ಷೆ ಬರೆದು ಪಡೆಯುವಂಥದ್ದು: ವಯಸ್ಕರು ಮತ್ತು ಹದಿಹರೆಯದವರ ವಿಭಾಗಕ್ಕೆ ‘ಸೇನ್-ಎ’, ಮಕ್ಕಳ ವಿಭಾಗಕ್ಕೆ ‘ಸೇನ್-ಪಿ’ (‘ಸೇನ್’ ಎಂದರೆ ಲೈಂಗಿಕ ದೌರ್ಜನ್ಯದ ತಪಾಸಣೆ ಮಾಡುವ ನರ್ಸ್ ಎಂಬುದರ ಇಂಗ್ಲಿಷ್ ಸಂಕ್ಷಿಪ್ತ ರೂಪ). ಅದನ್ನು ಮೂರು ವರ್ಷಗಳಿಗೊಮ್ಮೆ ನವೀಕರಿಸಬೇಕು. ಮೊದಲನೆಯದನ್ನು ಗೋಡೆಗೆ ತೂಗುಹಾಕಿ ಎರಡನೆಯದೆಂದು ತಿಳಿದವರು ಪಾಟೀಸವಾಲಿನಲ್ಲಿ ಮುಜುಗರಕ್ಕೆ ಒಳಗಾಗಿದ್ದಾರೆ.

ಸಂಪರ್ಕ ಗಂಟೆಗಳ ಲೆಕ್ಕ ಹೇಗೆ? ಯಾವ ಕೋರ್ಸ್ ಒಳ್ಳೆಯದೆಂದು ತಿಳಿಯುವುದು ಹೇಗೆ?

ಸಾಮಾನ್ಯವಾಗಿ 60 ನಿಮಿಷಗಳ ಕಲಿಕೆಗೆ ಒಂದು ಸಂಪರ್ಕ ಗಂಟೆ. ಕೋರ್ಸ್ ಕೊಡುವವರಿಗೆ ನಿಮ್ಮ ನರ್ಸಿಂಗ್ ಪರಿಷತ್ತು ಒಪ್ಪುವ ಮಾನ್ಯತೆ ಇದೆಯೇ ಎಂಬುದನ್ನು ಹಣ ಕಟ್ಟುವ ಮೊದಲೇ ವಿಚಾರಿಸಿ. ಪಾಠ ಹೇಳುವವರು ಈಗಲೂ ರೋಗಿಗಳನ್ನು ನೋಡುತ್ತಿದ್ದಾರೆಯೇ, ಪಾಠ ಕೊನೆಯ ಬಾರಿ ಪರಿಷ್ಕರಣೆಯಾದದ್ದು ಯಾವಾಗ ಎಂಬ ಎರಡು ಪ್ರಶ್ನೆಗಳಿಗೆ ಸಿಗುವ ಉತ್ತರದಿಂದಲೇ ಉಳಿದದ್ದು ಗೊತ್ತಾಗುತ್ತದೆ.

ಖರ್ಚಿಲ್ಲದೆ ಸಿಗುವ, ನಂಬಬಹುದಾದ ಆಕರಗಳು ಯಾವುವು?

ಮೊದಲು ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಟಣೆಗಳನ್ನು ಓದಿ. ಸಂಗಾತಿಯ ಹಿಂಸೆ ಮತ್ತು ಲೈಂಗಿಕ ಹಿಂಸೆಗೆ ಆರೋಗ್ಯ ಸಿಬ್ಬಂದಿ ಹೇಗೆ ಸ್ಪಂದಿಸಬೇಕೆಂಬ ಅದರ ಮಾರ್ಗಸೂಚಿ 2013ರಲ್ಲಿ, ಅದನ್ನು ಕೈಪಿಡಿಯಾಗಿ ಸರಳಗೊಳಿಸಿದ ಪುಸ್ತಕ 2014ರಲ್ಲಿ, ತರಬೇತುದಾರರಿಗಾಗಿ ರೂಪಿಸಿದ ಪಠ್ಯಕ್ರಮ 2019ರಲ್ಲಿ ಹೊರಬಂದವು. ಪಠ್ಯಕ್ರಮ 2021ರಲ್ಲಿ ಪರಿಷ್ಕರಣೆಗೊಂಡಿದೆ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಕ್ಕಳು ಮತ್ತು ಹದಿಹರೆಯದವರ ಕುರಿತ ಮಾರ್ಗಸೂಚಿ 2017ರದ್ದು. 2014ರ ಕೈಪಿಡಿ ಹೇಳುವ ಐದು ಹೆಜ್ಜೆಗಳು ಬಾಯಿಪಾಠಕ್ಕೆ ಸುಲಭ, ಆಚರಣೆಗೆ ಕಷ್ಟ: ಆಲಿಸುವುದು, ಅಗತ್ಯಗಳನ್ನು ವಿಚಾರಿಸುವುದು, ಅವರ ಮಾತನ್ನು ನಂಬಿದ್ದೇವೆಂದು ತೋರಿಸುವುದು, ಸುರಕ್ಷತೆಯನ್ನು ಹೆಚ್ಚಿಸುವುದು, ಮುಂದಿನ ನೆರವಿಗೆ ದಾರಿ ಮಾಡಿಕೊಡುವುದು. ನಮ್ಮ ತರಬೇತಿಗಳಲ್ಲಿ ಬಹುತೇಕರು ಮೊದಲ ಹೆಜ್ಜೆಯಲ್ಲೇ ಎಡವುತ್ತಾರೆ. ಫಾರಂ ತುಂಬುವ ಆತುರದಲ್ಲಿ ರೋಗಿಯ ಮಾತು ಅರ್ಧಕ್ಕೇ ತುಂಡಾಗುತ್ತದೆ.

ಅಮೆರಿಕದ ನ್ಯಾಯಾಂಗ ಇಲಾಖೆ 2004ರಲ್ಲಿ ಪ್ರಕಟಿಸಿ 2013ರಲ್ಲಿ ಪರಿಷ್ಕರಿಸಿದ ತಪಾಸಣಾ ಶಿಷ್ಟಾಚಾರ ಆ ದೇಶಕ್ಕೆ ಬರೆದದ್ದಾದರೂ ಒಪ್ಪಿಗೆ, ಗೋಪ್ಯತೆ ಮತ್ತು ಮಾದರಿ ಸಂಗ್ರಹದ ಅಧ್ಯಾಯಗಳು ಎಲ್ಲಿಯವರಿಗೂ ಉಪಯುಕ್ತ. ಚಿತ್ರಹಿಂಸೆಗೆ ಒಳಗಾದವರ ತಪಾಸಣೆ ಮತ್ತು ದಾಖಲೆಗೆ ವಿಶ್ವಸಂಸ್ಥೆಯ ‘ಇಸ್ತಾಂಬುಲ್ ಪ್ರೋಟೊಕಾಲ್’ ಇದೆ. ಅದರ ಪರಿಷ್ಕೃತ ಆವೃತ್ತಿ 2022ರದ್ದು. 2005ರಿಂದ ಪ್ರಕಟವಾಗುತ್ತಿರುವ ‘ಜರ್ನಲ್ ಆಫ್ ಫೊರೆನ್ಸಿಕ್ ನರ್ಸಿಂಗ್’ ತ್ರೈಮಾಸಿಕವನ್ನು ಒಬ್ಬರೇ ತರಿಸಿಕೊಳ್ಳುವುದು ದುಬಾರಿಯೆನಿಸಿದರೆ ಆಸ್ಪತ್ರೆಯ ಗ್ರಂಥಾಲಯಕ್ಕೆ ಬೇಡಿಕೆ ಸಲ್ಲಿಸಬಹುದು.

ಮಾದರಿ ಸಂಗ್ರಹದಲ್ಲಿ ಪಳಗಿದವರೂ ಮಾಡುವ ತಪ್ಪುಗಳಿವೆಯೇ?

ಇವೆ, ಮತ್ತು ಅವು ಬಹಳ ಸಣ್ಣವು. ಒಂದು ಅಭ್ಯಾಸ ಶಿಬಿರದಲ್ಲಿ ಅನುಭವಿ ನರ್ಸ್ ಒಬ್ಬರು ಸ್ವಾಬ್‌ಗಳನ್ನು (ಹತ್ತಿಕಡ್ಡಿಯಿಂದ ಒರೆಸಿ ತೆಗೆಯುವ ಮಾದರಿಗಳನ್ನು) ಅಚ್ಚುಕಟ್ಟಾಗಿ ತೆಗೆದರು, ಗಾಳಿಗೆ ಒಣಗಿಸಿದರು, ಒಂದೊಂದಕ್ಕೂ ಚೀಟಿ ಹಚ್ಚಿದರು, ಕೊನೆಗೆ ಲಕೋಟೆಯ ಅಂಚನ್ನು ನಾಲಿಗೆಯಿಂದ ಒದ್ದೆ ಮಾಡಿ ಅಂಟಿಸಿದರು. ಕೋಣೆಯಲ್ಲಿದ್ದ ಯಾರೂ ತಕ್ಷಣ ಅದನ್ನು ಗಮನಿಸಲಿಲ್ಲ, ಏಕೆಂದರೆ ಎಲ್ಲರೂ ಲಕೋಟೆಯನ್ನು ಹಾಗೆಯೇ ಅಂಟಿಸಿ ಬೆಳೆದವರು. ಪುರಾವೆಯ ಲಕೋಟೆಯ ಮೇಲೆ ತಮ್ಮದೇ ಡಿಎನ್ಎ ಇಟ್ಟಂತಾಯಿತೆಂದು ಹೇಳಿದಾಗ ಅವರು ಮುಖ ಮುಚ್ಚಿಕೊಂಡರು. ಅಂಟುಪಟ್ಟಿ ಹಚ್ಚಿ, ಪಟ್ಟಿ ಮತ್ತು ಕಾಗದ ಎರಡರ ಮೇಲೂ ಹಾಯುವಂತೆ ಸಹಿ, ದಿನಾಂಕ, ಸಮಯ ಹಾಕುವುದು ಸರಿಯಾದ ಕ್ರಮ.

ಬಟ್ಟೆಗಳನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬಬಾರದು. ತೇವ ಒಳಗೇ ಉಳಿದು ಬೂಷ್ಟು ಹಿಡಿದರೆ ಡಿಎನ್ಎ ಕೆಡುತ್ತದೆ. ಪ್ರತಿ ಬಟ್ಟೆಗೆ ಪ್ರತ್ಯೇಕ ಕಾಗದದ ಚೀಲ ಬೇಕು. ಬಟ್ಟೆಯನ್ನು ಕತ್ತರಿಸಲೇಬೇಕಾದಾಗ ಹರಿದ ಅಥವಾ ತೂತಾದ ಜಾಗದ ಮೂಲಕ ಕತ್ತರಿ ಹಾಯಿಸಬಾರದು. ಅಮಲು ಪದಾರ್ಥ ಕುಡಿಸಿರುವ ಶಂಕೆ ಇದ್ದರೆ ಮೊದಲ ಮೂತ್ರವನ್ನೇ ಹಿಡಿದಿಡಬೇಕು, ಏಕೆಂದರೆ ಜಿಎಚ್‌ಬಿಯಂಥ ಪದಾರ್ಥ ಸುಮಾರು 12 ಗಂಟೆಗಳಲ್ಲಿ ಮೂತ್ರದಿಂದಲೂ ಮಾಯವಾಗುತ್ತದೆ. ಛಾಯಾಚಿತ್ರವನ್ನು ದೂರದಿಂದ, ಮಧ್ಯದಿಂದ, ಸಮೀಪದಿಂದ ಹೀಗೆ ಮೂರು ಅಂತರಗಳಲ್ಲಿ ತೆಗೆದು, ಸಮೀಪದ ಚಿತ್ರವನ್ನು ಅಳತೆಪಟ್ಟಿ ಇಟ್ಟು ಒಮ್ಮೆ, ಇಡದೆ ಒಮ್ಮೆ ತೆಗೆಯಬೇಕು. ಸಾಮಗ್ರಿ ಯಾರ ಕೈಯಿಂದ ಯಾರ ಕೈಗೆ ಯಾವಾಗ ಹೋಯಿತು ಎಂಬ ದಾಖಲೆಯಲ್ಲಿ ಒಂದು ಸಾಲು ಖಾಲಿ ಉಳಿದರೂ ಪ್ರತಿವಾದಿ ವಕೀಲರು ಹಿಡಿಯುವುದು ಆ ಸಾಲನ್ನೇ.

ಇದೆಲ್ಲದರ ನಡುವೆ ಚಿಕಿತ್ಸೆಯ ಗಡಿಯಾರವೂ ಓಡುತ್ತಿರುತ್ತದೆ. ಎಚ್‌ಐವಿ ತಡೆ ಔಷಧವನ್ನು 72 ಗಂಟೆಗಳೊಳಗೆ ಆರಂಭಿಸಿ 28 ದಿನ ಕೊಡಬೇಕು. ತುರ್ತು ಗರ್ಭನಿರೋಧಕವನ್ನು 120 ಗಂಟೆಗಳವರೆಗೆ ಕೊಡಬಹುದಾದರೂ ಬೇಗ ಕೊಟ್ಟಷ್ಟೂ ಒಳ್ಳೆಯದು. ರೋಗಿ ದೂರು ಕೊಡಲಿ ಬಿಡಲಿ, ಸ್ವಾಬ್‌ಗೆ ಒಪ್ಪಲಿ ಬಿಡಲಿ, ಔಷಧ ಅವರ ಹಕ್ಕು.

ಕೇಸ್‌ಶೀಟ್ ಬರೆಯುವುದನ್ನೂ ಕಲಿಯಬೇಕೇ?

ನಮ್ಮನ್ನು ಕೇಳಿದರೆ ಕಲಿಯಬೇಕಾದ್ದರಲ್ಲಿ ಇದೇ ಮೊದಲನೆಯದು, ತರಬೇತಿಗಳಲ್ಲಿ ಅತಿ ಕಡಿಮೆ ಸಮಯ ಸಿಗುವುದೂ ಇದಕ್ಕೇ. ಸ್ವಾಬ್ ತೆಗೆಯುವುದನ್ನು ಒಂದು ವಾರದಲ್ಲಿ ಕಲಿಸಬಹುದು. ಕಂಡದ್ದನ್ನು ಕಂಡಷ್ಟೇ ಬರೆಯಲು ವರ್ಷಗಳು ಹಿಡಿಯುತ್ತವೆ.

‘ಅತ್ಯಾಚಾರದ ಕುರುಹು ಇಲ್ಲ’ ಎಂಬ ಒಂದೇ ಸಾಲಿನ ಷರಾವನ್ನು ನಾವು ಎಷ್ಟೋ ಹಳೆಯ ದಾಖಲೆಗಳಲ್ಲಿ ಕಂಡಿದ್ದೇವೆ. ಅತ್ಯಾಚಾರ ನಡೆಯಿತೇ ಎಂಬುದನ್ನು ತೀರ್ಮಾನಿಸುವುದು ನ್ಯಾಯಾಲಯ, ನರ್ಸ್ ಹೇಳಬಲ್ಲದ್ದು ‘ಈ ತಪಾಸಣೆಯಲ್ಲಿ ಗಾಯ ಕಂಡುಬರಲಿಲ್ಲ, ಗಾಯ ಇಲ್ಲದಿರುವುದು ರೋಗಿ ಹೇಳಿದ ಘಟನೆಯನ್ನು ಅಲ್ಲಗಳೆಯುವುದಿಲ್ಲ’ ಎಂಬಷ್ಟನ್ನು ಮಾತ್ರ. ‘ರೋಗಿ ಸಹಕರಿಸಲಿಲ್ಲ’ ಎಂದು ಬರೆಯುವ ಬದಲು ‘ಆಂತರಿಕ ತಪಾಸಣೆ ಬೇಡವೆಂದರು, ಹೊರಗಿನ ಗಾಯಗಳ ಛಾಯಾಚಿತ್ರಕ್ಕೆ ಒಪ್ಪಿದರು’ ಎಂದು ಬರೆದರೆ ನಿಜವಾಗಿ ನಡೆದದ್ದು ಓದುವವರಿಗೆ ತಿಳಿಯುತ್ತದೆ. ‘ಶಾಂತವಾಗಿದ್ದಳು’ ಎಂಬ ಮಾತು ವರ್ಷಗಳ ನಂತರ ‘ಅಷ್ಟೊಂದು ನೊಂದವಳು ಹೀಗಿರುತ್ತಾಳೆಯೇ’ ಎಂಬ ಪ್ರಶ್ನೆಯಾಗಿ ಮರಳುತ್ತದೆ. ‘ನೆಲ ನೋಡುತ್ತ, ಕೇಳಿದ್ದಕ್ಕೆ ಒಂದೆರಡು ಪದಗಳಲ್ಲಿ ಉತ್ತರಿಸಿದರು, ಬಲಗೈ ಬೆರಳುಗಳು ನಡುಗುತ್ತಿದ್ದವು’ ಎಂಬ ವಿವರಣೆಗೆ ಆ ಅಪಾಯವಿಲ್ಲ. ರೋಗಿ ಆಡಿದ ಮಾತನ್ನು ಅವರ ಭಾಷೆಯಲ್ಲೇ, ಬೈಗುಳವಿದ್ದರೆ ಬೈಗುಳ ಸಮೇತ, ಉದ್ಧರಣ ಚಿಹ್ನೆಯೊಳಗೆ ಬರೆಯಬೇಕು. ಅವರು ‘ಕೆಳಗೆ ನೋವು’ ಎಂದಿದ್ದನ್ನು ನೀವು ವೈದ್ಯಕೀಯ ಪದಕ್ಕೆ ತಿರುಗಿಸಿ ಅವರ ಬಾಯಿಗೆ ಹಾಕಬಾರದು.

ಗಾಯಕ್ಕೂ ಹೇಳಿಕೆಗೂ ಇರುವ ಹೊಂದಾಣಿಕೆಯನ್ನು ಹೇಳಲು ಇಸ್ತಾಂಬುಲ್ ಪ್ರೋಟೊಕಾಲ್ ಐದು ಹಂತಗಳ ಮಾತುಗಳನ್ನು ಕೊಟ್ಟಿದೆ: ಹೊಂದುವುದಿಲ್ಲ, ಹೊಂದುತ್ತದೆ, ಬಹಳವಾಗಿ ಹೊಂದುತ್ತದೆ, ಇಂಥ ಘಟನೆಯಲ್ಲಿ ಸಾಮಾನ್ಯವಾಗಿ ಕಾಣುವಂಥದ್ದು, ಬೇರಾವ ರೀತಿಯಲ್ಲೂ ಆಗಲಾರದಂಥದ್ದು. ಇವನ್ನು ಮನಸ್ಸಿನಲ್ಲಿಟ್ಟುಕೊಂಡು ತಿಂಗಳಿಗೆ ಎರಡು ಹಳೆಯ ದಾಖಲೆಗಳನ್ನು, ಗುರುತು ಅಳಿಸಿ, ಸಹೋದ್ಯೋಗಿಯೊಬ್ಬರಿಗೆ ಓದಲು ಕೊಡಿ. ಅವರು ಪ್ರಶ್ನೆ ಹಾಕಿದ ಪ್ರತಿ ಸಾಲೂ ನಿಮಗೆ ಪಾಠ.

ಕತ್ತು ಹಿಸುಕಿದ ಪ್ರಕರಣಗಳಿಗೆ ಪ್ರತ್ಯೇಕ ತರಬೇತಿ ಬೇಕೇ?

ಖಂಡಿತ ಬೇಕು, ಮುಂದೂಡದೆ ಪಡೆಯಬೇಕು. 2001ರಲ್ಲಿ ಪ್ರಕಟವಾದ, 300 ಪ್ರಕರಣಗಳನ್ನು ಪರಿಶೀಲಿಸಿದ ಅಮೆರಿಕದ ಅಧ್ಯಯನವೊಂದರಲ್ಲಿ ಅರ್ಧದಷ್ಟು ಮಂದಿಯ ಕುತ್ತಿಗೆಯ ಮೇಲೆ ಕಣ್ಣಿಗೆ ಕಾಣುವ ಗಾಯವೇ ಇರಲಿಲ್ಲ. ಸಂಗಾತಿ ಹಿಂದೊಮ್ಮೆ ಕತ್ತು ಹಿಸುಕಿದ್ದರೆ ಆ ಮಹಿಳೆ ಮುಂದೆ ಅವನಿಂದಲೇ ಕೊಲೆಯಾಗುವ ಸಂಭವ ಏಳು ಪಟ್ಟಿಗೂ ಹೆಚ್ಚೆಂದು 2008ರ ಅಧ್ಯಯನ ತೋರಿಸಿತು. ಚರ್ಮದ ಮೇಲೆ ಏನೂ ಇಲ್ಲದಿದ್ದರೂ ಒಳಗೆ ರಕ್ತನಾಳದ ಗೋಡೆ ಸೀಳಿರಬಹುದು, ಪಾರ್ಶ್ವವಾಯು ದಿನಗಳ ನಂತರ ಹೊಡೆಯಬಹುದು. ಆದ್ದರಿಂದ ಧ್ವನಿ ಬದಲಾಗಿದೆಯೇ, ನುಂಗಲು ಕಷ್ಟವೇ, ಕಣ್ಣು ಕತ್ತಲಿಟ್ಟಿತೇ, ಪ್ರಜ್ಞೆ ತಪ್ಪಿತೇ, ಆ ಕ್ಷಣದಲ್ಲಿ ಮೂತ್ರ ಹೋಯಿತೇ ಎಂದು ಒಂದೊಂದಾಗಿ ಕೇಳಬೇಕು. ರೆಪ್ಪೆಯ ಒಳಗೆ, ಕಿವಿಯ ಹಿಂದೆ, ನೆತ್ತಿಯ ಮೇಲೆ ಸೂಜಿಮೊನೆಯಷ್ಟು ಕೆಂಪು ಚುಕ್ಕೆಗಳನ್ನು ಹುಡುಕಬೇಕು. ಇಂಥ ಲಕ್ಷಣಗಳಿದ್ದರೆ ಕುತ್ತಿಗೆಯ ರಕ್ತನಾಳಗಳ ಸಿಟಿ ಆಂಜಿಯೊಗ್ರಾಂ ಬಗ್ಗೆ ವೈದ್ಯರೊಂದಿಗೆ ಅಂದೇ ಮಾತನಾಡಬೇಕು. ‘ಕತ್ತು ಹಿಸುಕಿದರೇ’ ಎಂದರೆ ಇಲ್ಲವೆನ್ನುವವರು ‘ಕುತ್ತಿಗೆಗೆ ಕೈ ಹಾಕಿದರೇ, ಉಸಿರಾಡಲು ಆಗಲಿಲ್ಲವೇ’ ಎಂದಾಗ ಹೌದೆನ್ನುವುದುಂಟು.

ಈ ವಿಷಯಕ್ಕೆಂದೇ ಸ್ಯಾನ್ ಡಿಯಾಗೊದಲ್ಲಿ ಸ್ಥಾಪನೆಯಾದ ತರಬೇತಿ ಸಂಸ್ಥೆಯ ಸಾಮಗ್ರಿಗಳು ಅಂತರ್ಜಾಲದಲ್ಲಿ ಸಿಗುತ್ತವೆ. ಜೊತೆಗೆ ಅಮೆರಿಕದ ನರ್ಸಿಂಗ್ ಸಂಶೋಧಕಿ ಜಾಕ್ವೆಲಿನ್ ಕ್ಯಾಂಪ್‌ಬೆಲ್ ಅವರು ರೂಪಿಸಿದ, ಪ್ರಾಣಾಪಾಯದ ಮಟ್ಟವನ್ನು ಅಳೆಯುವ 20 ಪ್ರಶ್ನೆಗಳ ಪಟ್ಟಿಯನ್ನು ಬಳಸಲು ಕಲಿತುಕೊಳ್ಳಿ.

ಮಕ್ಕಳ ತಪಾಸಣೆಯಲ್ಲಿ ಏನು ಬೇರೆ?

ಬಹುತೇಕ ಎಲ್ಲವೂ. ದೌರ್ಜನ್ಯಕ್ಕೆ ಒಳಗಾದ ಮಕ್ಕಳಲ್ಲಿ ಬಹುಪಾಲು ಮಕ್ಕಳ ದೇಹ ತಪಾಸಣೆ ಸಹಜವಾಗಿಯೇ ಇರುತ್ತದೆ. ಇದನ್ನು ಪೋಷಕರಿಗೆ ಮತ್ತು ನ್ಯಾಯಾಲಯಕ್ಕೆ ವಿವರಿಸಿ ಹೇಳುವುದೇ ಒಂದು ಕೌಶಲ. ಪ್ರೌಢಾವಸ್ಥೆಗೆ ಬರದ ಹೆಣ್ಣುಮಗುವಿನ ಕನ್ಯಾಪೊರೆಗೆ ಸ್ವಾಬ್ ತಗುಲಿದರೆ ವಿಪರೀತ ನೋವಾಗುತ್ತದೆ ಎಂಬುದನ್ನು ವಯಸ್ಕರನ್ನೇ ನೋಡಿ ಅಭ್ಯಾಸವಾದವರು ಮರೆಯಬಾರದು. ಘಟನೆಯ ವಿವರಗಳನ್ನು ಕೇಳುವ ಕೆಲಸವನ್ನು ಅದಕ್ಕೆಂದೇ ತರಬೇತಿ ಪಡೆದವರಿಗೆ ಬಿಟ್ಟು, ಚಿಕಿತ್ಸೆಗೆ ಬೇಕಾದಷ್ಟನ್ನು ಮಾತ್ರ ನರ್ಸ್ ಕೇಳಬೇಕು. ಮಗು ಒಂದೇ ಕಥೆಯನ್ನು ಐದು ಕಡೆ ಹೇಳಬೇಕಾಗಬಾರದೆಂದು ಪೊಲೀಸ್, ವೈದ್ಯಕೀಯ, ಮಕ್ಕಳ ರಕ್ಷಣಾ ಸೇವೆಗಳನ್ನು ಒಂದೇ ಸೂರಿನಡಿ ತಂದ ‘ಬಾರ್ನಾಹುಸ್’ ಮಾದರಿ ಐಸ್‌ಲ್ಯಾಂಡ್‌ನಲ್ಲಿ 1998ರಲ್ಲಿ ಆರಂಭವಾಯಿತು. ಆ ವ್ಯವಸ್ಥೆ ನಿಮ್ಮಲ್ಲಿ ಇಲ್ಲದಿದ್ದರೂ ಅದರ ಕುರಿತು ಓದಿಕೊಳ್ಳುವುದು ಒಳ್ಳೆಯದು.

ಗಂಡಸರು, ಲಿಂಗತ್ವ ಅಲ್ಪಸಂಖ್ಯಾತರು, ವೃದ್ಧರು ಬಂದಾಗ?

ವಿಧಾನ ಅದೇ, ಊಹೆಗಳನ್ನು ಮಾತ್ರ ಬಿಡಬೇಕು. ಅವರು ತಮ್ಮನ್ನು ಹೇಗೆ ಕರೆಯಬೇಕೆನ್ನುತ್ತಾರೋ ಹಾಗೆ ಕರೆಯಿರಿ. ವೃದ್ಧರ ತೆಳುವಾದ ಚರ್ಮ, ರಕ್ತ ತೆಳುಗೊಳಿಸುವ ಔಷಧಗಳು ಬಾಸುಂಡೆಯನ್ನು ಹೆಚ್ಚಿಸುತ್ತವೆ. ಹಾಗೆಂದು ಪ್ರತಿ ಬಾಸುಂಡೆಯನ್ನೂ ಔಷಧದ ಲೆಕ್ಕಕ್ಕೆ ಹಾಕಿ ಕೈತೊಳೆದುಕೊಳ್ಳುವುದೂ ತಪ್ಪು.

ನಮ್ಮಲ್ಲಿ ವರ್ಷಕ್ಕೆ ಬರುವುದೇ ನಾಲ್ಕೈದು ಪ್ರಕರಣ. ಕೈ ಜಡ್ಡುಗಟ್ಟದಂತೆ ನೋಡಿಕೊಳ್ಳುವುದು ಹೇಗೆ?

ಪ್ರಕರಣಗಳ ವಿಮರ್ಶಾ ಸಭೆ ಇದಕ್ಕೆ ಎಲ್ಲಕ್ಕಿಂತ ಒಳ್ಳೆಯ ಉಪಾಯ. ಸುತ್ತಲಿನ ನಾಲ್ಕಾರು ಆಸ್ಪತ್ರೆಗಳ ನರ್ಸ್‌ಗಳು ತಿಂಗಳಿಗೊಮ್ಮೆ ವಿಡಿಯೊ ಕರೆಯಲ್ಲಿ ಸೇರಿ, ಗುರುತು ಅಳಿಸಿದ ದಾಖಲೆ ಮತ್ತು ಛಾಯಾಚಿತ್ರಗಳನ್ನು ಇಟ್ಟುಕೊಂಡು, ಏನು ಕಂಡಿತು, ಏನು ಬಿಟ್ಟುಹೋಯಿತು ಎಂದು ಚರ್ಚಿಸಿದರೆ ನಾಲ್ಕು ಪ್ರಕರಣಗಳ ಅನುಭವ ನಲವತ್ತಾಗುತ್ತದೆ. ಸಭೆಗೆ ಹಿರಿಯರೊಬ್ಬರ ಉಸ್ತುವಾರಿ ಇರಲಿ, ಮತ್ತು ಅಲ್ಲಿ ನಡೆದ ಚರ್ಚೆ ಸಿಬ್ಬಂದಿಯ ಮೇಲಿನ ಶಿಸ್ತುಕ್ರಮಕ್ಕೆ ಬಳಕೆಯಾಗುವುದಿಲ್ಲವೆಂಬ ಲಿಖಿತ ಭರವಸೆ ಇರಲಿ. ಆ ಭರವಸೆ ಇಲ್ಲದ ಕಡೆ ಯಾರೂ ತಮ್ಮ ತಪ್ಪನ್ನು ಹೇಳಿಕೊಳ್ಳುವುದಿಲ್ಲ, ತಪ್ಪು ಹೇಳಿಕೊಳ್ಳದ ಸಭೆಯಿಂದ ಯಾರಿಗೂ ಲಾಭವಿಲ್ಲ.

ಪುರಾವೆ ಸಂಗ್ರಹದ ಪೆಟ್ಟಿಗೆ ತೆರೆದು ಮುಚ್ಚುವವರೆಗಿನ ಪೂರ್ಣ ಅಭ್ಯಾಸವನ್ನು ಮೂರು ತಿಂಗಳಿಗೊಮ್ಮೆಯಾದರೂ, ಕೈಗಡಿಯಾರ ನೋಡಿಕೊಂಡು ಮಾಡಿ. ತಪಾಸಣೆಯ ಹೊತ್ತಿನಲ್ಲೇ ದೂರದ ತಜ್ಞ ನರ್ಸ್ ಪರದೆಯ ಮೂಲಕ ಮಾರ್ಗದರ್ಶನ ಮಾಡುವ ದೂರಶುಶ್ರೂಷೆಯ ವ್ಯವಸ್ಥೆಗಳೂ ಬೆಳೆಯುತ್ತಿವೆ. ರೋಗಿಯ ಒಪ್ಪಿಗೆ ಮತ್ತು ಸಂಪರ್ಕದ ಗೋಪ್ಯತೆ ಖಚಿತವಿದ್ದರೆ ಅವುಗಳನ್ನು ಬಳಸಲು ಹಿಂಜರಿಯಬೇಕಿಲ್ಲ.

ಸಾಕ್ಷಿಕಟ್ಟೆ ಏರಲು ಹೇಗೆ ಸಿದ್ಧರಾಗಬೇಕು?

ಕರೆ ಬರುವ ಮೊದಲೇ ಒಂದೆರಡು ಬಾರಿ ನ್ಯಾಯಾಲಯಕ್ಕೆ ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತು ಬನ್ನಿ. ಅಣಕು ಪಾಟೀಸವಾಲಿಗೆ ನಿಜವಾದ ವಕೀಲರನ್ನೇ ಕರೆಸಿ; ಸಹೋದ್ಯೋಗಿಗಳು ದಾಕ್ಷಿಣ್ಯದಿಂದ ಮೆತ್ತಗೆ ಕೇಳುತ್ತಾರೆ. ಕಂಡದ್ದನ್ನು ಹೇಳುವ ಸಾಕ್ಷಿಯಾಗಿ ಕರೆದಿದ್ದಾರೆಯೇ, ಅಭಿಪ್ರಾಯ ಹೇಳುವ ತಜ್ಞ ಸಾಕ್ಷಿಯಾಗಿಯೇ ಎಂದು ಮುಂಚಿತವಾಗಿ ಕೇಳಿಕೊಳ್ಳಿ. ನಿಮ್ಮ ದಾಖಲೆಯನ್ನು ಹಿಂದಿನ ರಾತ್ರಿ ಪೂರ್ತಿ ಓದಿ. ಗೊತ್ತಿಲ್ಲದ್ದಕ್ಕೆ ‘ಗೊತ್ತಿಲ್ಲ’ ಎನ್ನುವುದು ಸೋಲಲ್ಲ, ಆದರೆ ರೋಗಿಯ ಪರವಾಗಿ ವಾದಿಸತೊಡಗಿದರೆ ನಿಮ್ಮ ಸಾಕ್ಷ್ಯದ ತೂಕ ಇಳಿಯುತ್ತದೆ, ಕೊನೆಗೆ ನಷ್ಟ ರೋಗಿಗೇ.

ಈ ಕೆಲಸದಿಂದ ನನಗೇ ನಿದ್ದೆ ಬರುತ್ತಿಲ್ಲ. ಇದಕ್ಕೂ ಕಲಿಕೆಗೂ ಸಂಬಂಧವಿದೆಯೇ?

ಇದೆ. ಬೇರೆಯವರ ಆಘಾತವನ್ನು ದಿನವೂ ಕೇಳುವವರಿಗೆ ಅದರ ನೆರಳು ತಗುಲುತ್ತದೆ. ಇದು ಮನೋದೌರ್ಬಲ್ಯವಲ್ಲ, ವೃತ್ತಿಯ ಅಪಾಯ. ‘ಪ್ರೊಕ್ವಾಲ್’ ಎಂಬ 30 ಪ್ರಶ್ನೆಗಳ ಉಚಿತ ಮಾಪಕ ಕಳೆದ 30 ದಿನಗಳಲ್ಲಿ ನಿಮಗಿದ್ದ ವೃತ್ತಿತೃಪ್ತಿ, ಬಳಲಿಕೆ ಮತ್ತು ಪರೋಕ್ಷ ಆಘಾತವನ್ನು ಬೇರೆ ಬೇರೆಯಾಗಿ ತೋರಿಸುತ್ತದೆ. ಅದು ರೋಗನಿರ್ಣಯವಲ್ಲ, ಆದರೆ ಆರು ತಿಂಗಳಿಗೊಮ್ಮೆ ತುಂಬಿ ಹೋಲಿಸಿದರೆ ಇಳಿಜಾರು ಬೇಗ ಕಾಣುತ್ತದೆ. ಉಸಿರಾಟದ ವ್ಯಾಯಾಮ ಹೇಳಿಕೊಟ್ಟು ಪಾಳಿಯ ಪಟ್ಟಿಯನ್ನು ಹಾಗೆಯೇ ಉಳಿಸುವ ಕಾರ್ಯಾಗಾರಗಳ ಬಗ್ಗೆ ನಮಗೆ ಹೆಚ್ಚಿನ ಭರವಸೆ ಇಲ್ಲ. ಸತತ ಕರೆಗಳ ನಡುವೆ ಬಿಡುವು, ಕಷ್ಟದ ಪ್ರಕರಣದ ಮರುದಿನ ಮಾತನಾಡಲು ಒಬ್ಬ ಹಿರಿಯರು, ಗೋಪ್ಯವಾಗಿ ಸಿಗುವ ಆಪ್ತಸಮಾಲೋಚನೆ ಇವುಗಳನ್ನು ಆಡಳಿತದಿಂದ ಲಿಖಿತವಾಗಿ ಕೇಳಿ. ನಿದ್ದೆಯಿಲ್ಲದ ಸ್ಥಿತಿ ವಾರಗಟ್ಟಲೆ ಮುಂದುವರಿದರೆ ವೈದ್ಯರನ್ನು ಕಾಣುವುದನ್ನು ಮುಂದೂಡಬೇಡಿ.

ಕಲಿತದ್ದರ ಲೆಕ್ಕವನ್ನು ಹೇಗೆ ಇಟ್ಟುಕೊಳ್ಳಬೇಕು?

ಒಂದೇ ಕಡತದಲ್ಲಿ ದಿನಾಂಕ, ವಿಷಯ, ಪಾಠ ಹೇಳಿದವರು, ಗಂಟೆಗಳು, ಪ್ರಮಾಣಪತ್ರದ ಪ್ರತಿ ಇರಲಿ. ಮಾಡಿದ ತಪಾಸಣೆಗಳ ಸಂಖ್ಯೆಯನ್ನು ವಯಸ್ಸಿನ ಗುಂಪುವಾರು ಬರೆದಿಡಿ, ರೋಗಿಯ ಹೆಸರನ್ನಾಗಲಿ ಗುರುತನ್ನಾಗಲಿ ಎಲ್ಲೂ ಬರೆಯಬೇಡಿ. ಪ್ರಮಾಣೀಕರಣದ ನವೀಕರಣಕ್ಕೂ, ನ್ಯಾಯಾಲಯದಲ್ಲಿ ನಿಮ್ಮ ಅರ್ಹತೆಯನ್ನು ಕೇಳಿದಾಗಲೂ ಇದೇ ಕಡತ ನೆರವಿಗೆ ಬರುವುದರಿಂದ, ಪ್ರತಿ ತರಬೇತಿ ಮುಗಿದ ದಿನವೇ, ಮನೆಗೆ ಹೊರಡುವ ಮೊದಲು ಆ ಸಾಲನ್ನು ತುಂಬಿಬಿಡಿ.